ಗುಳಿಗೆ ನಾಟದಿದ್ದರೆ ಮುಂದೇನು?

(ರೋಗಿಗಳು ಮತ್ತು ಅವರ ಬಂಧುಗಳಿಗಾಗಿ ವೈದ್ಯರು ನೀಡಿದ ಉಪನ್ಯಾಸ)



ಶ್ವಾಸಕೋಶದ ಕ್ಯಾನ್ಸರಿಗೆ ದಿನಕ್ಕೊಂದು ಗುಳಿಗೆ ತೆಗೆದುಕೊಂಡು ಚೆನ್ನಾಗಿದ್ದವರಿಗೆ ಒಂದು ವರ್ಷದ ಹೊತ್ತಿಗೆ ಕೆಮ್ಮು, ದಮ್ಮು ಮತ್ತೆ ಬರುವುದುಂಟು. ಆಗ ಮನೆಯವರು ‘ಇನ್ನೇನೂ ಉಳಿದಿಲ್ಲ’ ಎಂದು ಕೈಚೆಲ್ಲುತ್ತಾರೆ. ಹಾಗೆ ಮಾಡಬೇಡಿ, ದಾರಿಗಳಿವೆ.

ಕೆಲವರ ಗಡ್ಡೆಯಲ್ಲಿ ಇ.ಜಿ.ಎಫ್.ಆರ್. ಎಂಬ ಜೀನು ಕೆಟ್ಟು, ಜೀವಕೋಶಕ್ಕೆ ‘ಬೆಳೆ, ಬೆಳೆ’ ಎಂದು ಬಿಡುವಿಲ್ಲದೆ ಸಂದೇಶ ಕೊಡುತ್ತಿರುತ್ತದೆ. ಬೀಡಿ, ಸಿಗರೇಟು ಮುಟ್ಟದವರಲ್ಲಿ ಮತ್ತು ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಈ ಬದಲಾವಣೆ ಪತ್ತೆಯಾದದ್ದು 2004ರಲ್ಲಿ. ಜೆಫಿಟಿನಿಬ್, ಎರ್ಲೋಟಿನಿಬ್ ಗುಳಿಗೆಗಳು ಆ ಸಂದೇಶವನ್ನು ತಡೆಯುತ್ತವೆ.

ಮುಂದೆ ಅವು ಏಕೆ ನಾಟುವುದಿಲ್ಲ? ರಾಣೆಬೆನ್ನೂರಿನ ಹತ್ತಿ ಬೆಳೆಗಾರರಿಗೂ ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರರಿಗೂ ಇದು ಗೊತ್ತಿರುವ ಮಾತೇ. ಒಂದೇ ಎಣ್ಣೆಯನ್ನು ಮೇಲಿಂದ ಮೇಲೆ ಹೊಡೆದರೆ, ಸಾಯದೆ ಉಳಿದ ಹುಳುಗಳ ಸಂತತಿಯೇ ಹೊಲ ತುಂಬುತ್ತದೆ. ಗಡ್ಡೆಯಲ್ಲೂ ಹಾಗೆಯೇ. ಈ ಗುಳಿಗೆಗಳು ನಾಟದಂತಾದವರ ಪೈಕಿ ಸುಮಾರು ಅರ್ಧದಷ್ಟು ಜನರಲ್ಲಿ ಟಿ790ಎಂ ಎಂಬ ಇನ್ನೊಂದು ಬದಲಾವಣೆ ಕಾಣುತ್ತದೆ. ಗುಳಿಗೆ ಕೂರುವ ಜಾಗವೇ ಮಾರ್ಪಟ್ಟಿರುತ್ತದೆ.

ಆ ಮಾರ್ಪಟ್ಟ ಜಾಗಕ್ಕೆ ಹೊಂದುವಂತೆ ವಿಜ್ಞಾನಿಗಳು ರೂಪಿಸಿದ ಗುಳಿಗೆ ಓಸಿಮರ್ಟಿನಿಬ್. ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಪಡೆಯಿತು. ಟಿ790ಎಂ ಇದ್ದ 419 ರೋಗಿಗಳ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಿಮೊಥೆರಪಿಯಿಂದ ರೋಗ ಸುಮಾರು 4 ತಿಂಗಳು ಹತೋಟಿಯಲ್ಲಿದ್ದರೆ, ಈ ಗುಳಿಗೆಯಿಂದ ಸುಮಾರು 10 ತಿಂಗಳು. ಈಗ ಇದನ್ನು ಮೊದಲಿಗೇ ಕೊಡುವುದೂ ಉಂಟು. ಇದಕ್ಕೂ ಬಗ್ಗದ ರೋಗಕ್ಕೆ ಅಮಿವಾಂಟಮಾಬ್ ಚುಚ್ಚುಮದ್ದನ್ನು ಕಿಮೊಥೆರಪಿಯೊಂದಿಗೆ ಕೊಡಲು 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆತಿದೆ. ಇವು ರೋಗವನ್ನು ಬೇರುಸಹಿತ ಕೀಳುವುದಿಲ್ಲ ನಿಜ, ಆದರೆ ಉಸಿರಾಡುವ, ಮನೆಮಂದಿಯೊಡನೆ ಇರುವ ದಿನಗಳನ್ನು ಕೊಡುತ್ತವೆ.

ಖರ್ಚಿನ ಚಿಂತೆ ದೊಡ್ಡದು. 2024ರ ಜುಲೈ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಓಸಿಮರ್ಟಿನಿಬ್ ಮೇಲಿನ ಆಮದು ಸುಂಕವನ್ನು ತೆಗೆಯಿತು. ಆದರೂ ಬೆಲೆ ಬಡವರಿಗೆ ಭಾರವೇ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಅಥವಾ ಬೆಂಗಳೂರಿನ ಕಿದ್ವಾಯಿಗೆ ಹೋದಾಗ ಸರ್ಕಾರಿ ಯೋಜನೆಯ ನೆರವನ್ನು ಕೇಳಿರಿ.

ನೀವು ನೆನಪಿಡಬೇಕಾದವು:

1. ನಿಮ್ಮಷ್ಟಕ್ಕೆ ನೀವೇ ಗುಳಿಗೆ ನಿಲ್ಲಿಸಬೇಡಿ. ಭೇದಿ, ಮೈಮೇಲೆ ಗುಳ್ಳೆ ಬಂದರೆ ವೈದ್ಯರಿಗೆ ತಿಳಿಸಿರಿ.
2. ಕೆಮ್ಮು ಮರಳಿದರೆ ಮೆಣಸಿನಕಾಯಿ ಘಾಟು ಎಂದು ತಳ್ಳಿಹಾಕಬೇಡಿ.
3. ಎದೆಯುರಿಗೆಂದು ಅಂಗಡಿಯ ಗುಳಿಗೆ ನುಂಗುವ ಮೊದಲು ವೈದ್ಯರನ್ನು ಕೇಳಿರಿ. ಜೆಫಿಟಿನಿಬ್, ಎರ್ಲೋಟಿನಿಬ್ ಮೈಗೆ ಹತ್ತುವುದು ಅದರಿಂದ ಕಡಿಮೆಯಾಗುತ್ತದೆ.
4. ಗಡ್ಡೆಯ ತುಣುಕಿನ ಮೇಣದ ಬ್ಲಾಕು ಮತ್ತು ಎಲ್ಲ ರಿಪೋರ್ಟುಗಳನ್ನು ಜೋಪಾನವಾಗಿಡಿ.
5. ‘ಜೀನು ಪರೀಕ್ಷೆ ಮತ್ತೊಮ್ಮೆ ಬೇಕೇ?’ ಎಂದು ಕೇಳಿರಿ. ಕೆಲವರಿಗೆ ರಕ್ತದಿಂದಲೇ ಈ ಪರೀಕ್ಷೆ ಆಗುತ್ತದೆ.

ಕೇಳಲು ಸಂಕೋಚ ಬೇಡ. ನಿಮ್ಮ ಆ ಒಂದು ಪ್ರಶ್ನೆಯಿಂದಲೇ ಮುಂದಿನ ಚಿಕಿತ್ಸೆಯ ದಾರಿ ತೆರೆಯಬಹುದು.