‘ಸ್ಟ್ಯಾಂಡರ್ಡ್’ ಎಂಬ ಅಳತೆ

ಶಾಲೆಗೆ ಹೋಗುವ ಹುಡುಗನೊಬ್ಬ ಎದುರಾದರೆ “ಎಷ್ಟನೆಯ ಸ್ಟ್ಯಾಂಡರ್ಡಪ್ಪಾ?” ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಇಂಗ್ಲಿಷ್ ಬಾರದವರೂ ಈ ಮಾತನ್ನು ಸಲೀಸಾಗಿ ಆಡುತ್ತಾರೆ. ಧಾರವಾಡದ ಕಡೆಯ ಹಿರಿಯರು ಇದನ್ನೇ ‘ಇಯತ್ತೆ’ ಎನ್ನುತ್ತಿದ್ದರು, ಈಗಲೂ ಹಾಗೆನ್ನುವವರುಂಟು. ಮರಾಠಿಯ ದಾರಿಯಿಂದ ನಮಗೆ ಬಂದ ಸಂಸ್ಕೃತ ಶಬ್ದವದು. ‘ಇಯತ್ತಾ’ ಎಂದರೆ ‘ಇಷ್ಟು’ ಎಂಬ ಪರಿಮಾಣ. ಈ ಎರಡು ಶಬ್ದಗಳೂ ಮೂಲದಲ್ಲಿ ಮಗು ಕೂರುವ ಕೊಠಡಿಯನ್ನಾಗಲಿ ಕಲಿಯುವ ವರ್ಷವನ್ನಾಗಲಿ ಸೂಚಿಸುವುದಿಲ್ಲ, ಅಳತೆಯನ್ನು ಸೂಚಿಸುತ್ತವೆ. ಯಾರು, ಯಾವ ಕೋಲಿನಿಂದ, ಏನನ್ನು ಅಳೆಯಹೊರಟಿದ್ದರು? ಅಳೆಸಿಕೊಳ್ಳುವುದಕ್ಕೆ ಶಾಲೆಗಳು ಹೇಗೆ ಸಿದ್ಧವಾದವು? ಈ ಹೊತ್ತು ಆ ಕಥೆಯನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಅದು ಮೊದಲಾದದ್ದು ಇಂಗ್ಲೆಂಡಿನಲ್ಲಿ. ಅದರ ಮುಖ್ಯ ಸಾಕ್ಷಿ ಸಾಹಿತ್ಯಾಸಕ್ತರಾದ ತಮಗೆಲ್ಲ ಪರಿಚಿತರೇ ಆದ ಮ್ಯಾಥ್ಯೂ ಆರ್ನಲ್ಡರು.

ಆರ್ನಲ್ಡರನ್ನು ನಾವು ಕವಿಯೆಂದೂ ವಿಮರ್ಶಕರೆಂದೂ ಬಲ್ಲೆವು. ಅವರ ಜೀವನೋಪಾಯ ಬೇರೆಯೇ ಆಗಿತ್ತು. 1851ರಿಂದ 1886ರವರೆಗೆ, ಮೂವತ್ತೈದು ವರ್ಷ, ಅವರು ಸರ್ಕಾರದ ಶಾಲಾ ಇನ್‌ಸ್ಪೆಕ್ಟರರು. 1857ರಿಂದ ಹತ್ತು ವರ್ಷ ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕರಾಗಿ ಉಪನ್ಯಾಸ ಕೊಡುತ್ತಿದ್ದಾಗಲೂ ಈ ಕೆಲಸ ತಪ್ಪಿರಲಿಲ್ಲ. ರೈಲಿನಲ್ಲಿ ಊರೂರು ಅಲೆದು, ಬಡವರ ಮಕ್ಕಳು ಕಲಿಯುವ ಶಾಲೆಗಳಲ್ಲಿ ಹಾಜರಿಪುಸ್ತಕ ತಿರುವಿ, ಮಕ್ಕಳ ಕೈಯಲ್ಲಿ ಓದಿಸಿ, ಲೆಕ್ಕ ಮಾಡಿಸಿ, ರಾತ್ರಿ ಕುಳಿತು ವರದಿ ಬರೆಯುವ ಕೆಲಸ. ಅವರ ವಿಮರ್ಶಾ ಪ್ರಬಂಧಗಳನ್ನು ಓದಿದವರಲ್ಲಿ ನೂರಕ್ಕೊಬ್ಬರೂ ಈ ವರದಿಗಳನ್ನು ನೋಡಿರಲಾರರು. ಅವರ ಗದ್ಯದ ಬಿಗಿ ಅಲ್ಲಿ ಕೆಲವೊಮ್ಮೆ ಹೆಚ್ಚೇ ಕಾಣುತ್ತದೆಂದು ನನ್ನ ಅಭಿಪ್ರಾಯ.

ಆ ಕಾಲದಲ್ಲಿ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳು ಬಹುಮಟ್ಟಿಗೆ ಧಾರ್ಮಿಕ ಸಂಘಗಳ ಕೈಯಲ್ಲಿದ್ದವು. ಸರ್ಕಾರ ಅನುದಾನ ಕೊಡುತ್ತಿತ್ತು. ಅನುದಾನ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಇಷ್ಟು ಹಣಕ್ಕೆ ಬಂದ ಫಲವೇನೆಂದು ಜನ ಕೇಳತೊಡಗಿದರು. ಕೇಳಬೇಕಾದ ಪ್ರಶ್ನೆಯೇ. 1861ರಲ್ಲಿ ನ್ಯೂಕ್ಯಾಸಲ್ ಆಯೋಗ ತನ್ನ ವರದಿಯನ್ನೊಪ್ಪಿಸಿ, ಬಹುಪಾಲು ಮಕ್ಕಳಿಗೆ ಓದು, ಬರಹ, ಲೆಕ್ಕ ಸರಿಯಾಗಿ ಬಾರದೆಂದು ಹೇಳಿ, ಪ್ರತಿಯೊಂದು ಮಗುವನ್ನೂ ಪರೀಕ್ಷಿಸಬೇಕೆಂದು ಸಲಹೆ ಮಾಡಿತು. ಆಗ ಶಿಕ್ಷಣದ ಹೊಣೆ ಹೊತ್ತಿದ್ದವರು ರಾಬರ್ಟ್ ಲೋ. ಚುರುಕು ಬುದ್ಧಿಯ ಮನುಷ್ಯ. ಅಂಕಿಗಳಲ್ಲಿ ಅಚಲ ನಂಬಿಕೆ. ಅವರ ‘ಪರಿಷ್ಕೃತ ಸಂಹಿತೆ’ 1862ರಲ್ಲಿ ಜಾರಿಗೆ ಬಂತು.

ಅದರ ಲೆಕ್ಕಾಚಾರ ಬಲು ಸರಳ. ಸರಾಸರಿ ಹಾಜರಿಯ ಮೇಲೆ ಮಗುವೊಂದಕ್ಕೆ ನಾಲ್ಕು ಶಿಲಿಂಗು. ಇನ್ನೂರಕ್ಕಿಂತ ಹೆಚ್ಚು ಹಾಜರಿಯುಳ್ಳ ಪ್ರತಿ ಮಗುವಿನ ಮೇಲೆ ಇನ್ನೆಂಟು ಶಿಲಿಂಗು. ಆದರೆ ಅದು ಪರೀಕ್ಷೆಗೆ ಒಳಪಟ್ಟದ್ದು. ಓದಿನಲ್ಲಿ ಮಗು ತಪ್ಪಿದರೆ ಎಂಟರಲ್ಲಿ ಮೂರನೆಯ ಒಂದು ಭಾಗ, ಎಂದರೆ ಎರಡು ಶಿಲಿಂಗು ಎಂಟು ಪೆನ್ಸು, ಕಡಿತ. ಬರಹದಲ್ಲಿ ತಪ್ಪಿದರೆ ಅಷ್ಟೇ, ಲೆಕ್ಕದಲ್ಲಿ ತಪ್ಪಿದರೆ ಅಷ್ಟೇ. ಮಕ್ಕಳನ್ನು ಅಳೆಯುವುದಕ್ಕೆ ಆರು ಮೆಟ್ಟಿಲುಗಳನ್ನು ಗೊತ್ತುಮಾಡಿದರು. ಅವುಗಳಿಗೆ ಇಟ್ಟ ಹೆಸರೇ ‘ಸ್ಟ್ಯಾಂಡರ್ಡ್’.

ಈ ಆರು ಮೆಟ್ಟಿಲುಗಳ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದನೆಯದರಲ್ಲಿ ಏಕಾಕ್ಷರದ ಪದಗಳಿಂದಾದ ಒಂದು ಪುಟ್ಟ ಕಥನವನ್ನು ಓದಬೇಕು. ಇಪ್ಪತ್ತರವರೆಗೆ ಅಂಕಿ ಬರೆಯಬೇಕು. ಎರಡನೆಯದರಿಂದ ಐದನೆಯದರವರೆಗೆ ಓದಿನ ಪರೀಕ್ಷೆ ಪಠ್ಯಪುಸ್ತಕದ ತುಣುಕುಗಳಲ್ಲಿ. ಆ ಪುಸ್ತಕ ಯಾವುದು? ‘ಆ ಶಾಲೆಯಲ್ಲಿ ಬಳಕೆಯಲ್ಲಿರುವ’ ಪುಸ್ತಕ ಎಂದು ಸಂಹಿತೆ ಹೇಳುತ್ತಿತ್ತು. ಇದು ಜ್ಞಾಪಕದಲ್ಲಿರಲಿ. ಐದನೆಯದರಲ್ಲಿ ಆ ಪುಸ್ತಕದಿಂದಲೇ ಪದ್ಯದ ಕೆಲವು ಸಾಲು. ಆರನೆಯದು, ತುತ್ತತುದಿಯದು, ವೃತ್ತಪತ್ರಿಕೆಯ ಒಂದು ಚಿಕ್ಕ ಪ್ಯಾರಾ. ಪದ್ಯವನ್ನು ದಾಟಿ ಮೇಲೇರಿದ ಮಗುವಿಗೆ ದೊರೆಯುವ ದರ್ಶನ ವೃತ್ತಪತ್ರಿಕೆ! ಪತ್ರಿಕೆಯವರು ಕ್ಷಮಿಸಬೇಕು, ಆ ಮೆಟ್ಟಿಲುಗಳನ್ನು ಕಟ್ಟಿದವರ ಮನಸ್ಸು ಇಲ್ಲಿ ಚೆನ್ನಾಗಿ ಬಯಲಾಗುತ್ತದೆ.

ಇನ್ನು ಶಾಲೆಗಳು ಸಿದ್ಧವಾದ ಬಗೆ. ಉಪಾಧ್ಯಾಯನ ಸಂಬಳ ಅನುದಾನವನ್ನು ನೆಚ್ಚಿಕೊಂಡಿತ್ತು. ಅನುದಾನ ಮಗುವಿನ ನಾಲಗೆಯನ್ನು ನೆಚ್ಚಿಕೊಂಡಿತ್ತು. ಇನ್‌ಸ್ಪೆಕ್ಟರು ಬರುವುದು ವರ್ಷಕ್ಕೊಮ್ಮೆ. ಅವರು ಓದಿಸುವುದು ಶಾಲೆಯದೇ ಪುಸ್ತಕವನ್ನು. ಅಂದಮೇಲೆ ಉಪಾಧ್ಯಾಯನಿಗೆ ಇದ್ದ ದಾರಿ ಒಂದೇ. ತೆಳುವಾದ ಒಂದು ಪುಸ್ತಕವನ್ನು ಆರಿಸಿಕೊಂಡು ವರ್ಷವೆಲ್ಲ ಅದನ್ನೇ ಓದಿಸುವುದು. ಮಕ್ಕಳಿಗೆ ಪುಸ್ತಕ ಬಾಯಿಗೆ ಬಂದುಬಿಡುತ್ತಿತ್ತು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದೂ ತಪ್ಪಿಲ್ಲದೆ ‘ಓದುವ’ ಮಕ್ಕಳ ವಿಷಯ ಆ ಕಾಲದ ಬರಹಗಳಲ್ಲಿ ಬರುತ್ತದೆ. ಇತಿಹಾಸ, ಭೂಗೋಳ, ವ್ಯಾಕರಣಗಳಿಗೆ ಕಾಸಿಲ್ಲವಾದ್ದರಿಂದ ಅನೇಕ ಶಾಲೆಗಳಲ್ಲಿ ಅವು ಮೂಲೆ ಸೇರಿದವು. ಚುರುಕಾದ ಮಗು ಹೇಗೂ ದಾಟುತ್ತದೆ, ಅದರ ಕಡೆ ನೋಡಬೇಕಾಗಿಲ್ಲ. ಮಂದವಾದ ಮಗುವನ್ನು ಅರೆಯಬೇಕು.

ಇದನ್ನು ಮೋಸವೆಂದು ಕರೆಯಲು ನನಗೆ ಮನಸ್ಸೊಪ್ಪುವುದಿಲ್ಲ. ಯಾವುದಕ್ಕೆ ಸಿದ್ಧರಾಗಿ ಎಂದು ಹೇಳಿದರೋ ಅದಕ್ಕೆ ಅವರು ಸಿದ್ಧರಾದರು. ಆರ್ನಲ್ಡರೂ ಉಪಾಧ್ಯಾಯರನ್ನು ಹಳಿಯಲಿಲ್ಲ. ಜಾಣತನದಿಂದ ಸಜ್ಜುಗೊಳಿಸಿದರೆ ಓದಲು, ಬರೆಯಲು, ಲೆಕ್ಕ ಮಾಡಲು ನಿಜವಾಗಿ ಬಾರದ ಮಕ್ಕಳನ್ನೂ ಈ ಮೂರರ ಪರೀಕ್ಷೆಯಲ್ಲಿ ದಾಟಿಸಬಹುದೆಂದು ಅವರು ತಮ್ಮ ವರದಿಯಲ್ಲಿ ಸ್ಪಷ್ಟವಾಗಿ ತಿಳಿಸಿದರು. ಇದು ಯಂತ್ರ ಹೂಡಿ ಆಡುವ ಆಟ. ಇದರಲ್ಲಿ ಇನ್‌ಸ್ಪೆಕ್ಟರರನ್ನು ಸೋಲಿಸುವುದನ್ನು ಉಪಾಧ್ಯಾಯರು ಕಲಿತೇ ಕಲಿಯುತ್ತಾರೆ, ಕಲಿಯಲೇಬೇಕು ಎಂಬುದು ಅವರ ಮಾತಿನ ಭಾವ. ಆ ‘ಕಲಿಯಲೇಬೇಕು’ ಎಂಬುದರಲ್ಲಿ ಉಪಾಧ್ಯಾಯರ ಬಗೆಗಿನ ಕನಿಕರ ಎಷ್ಟಿದೆ!

ವರದಿಯಲ್ಲಷ್ಟೇ ಅಲ್ಲ, ಸಂಹಿತೆ ಇನ್ನೂ ಚರ್ಚೆಯಲ್ಲಿದ್ದಾಗಲೇ, 1862ರಲ್ಲಿ, ‘ಫ್ರೇಸರ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅವರು ಅದನ್ನು ಖಂಡಿಸಿ ಹೆಸರು ಹಾಕದ ಲೇಖನ ಬರೆದರು. ತನ್ನ ಇಲಾಖೆಯ ಮೇಲಧಿಕಾರಿಯ ನೀತಿಯ ಮೇಲೆಯೇ ಹೋಗುವುದು ಸಂಸಾರವಂದಿಗನಾದ ನೌಕರನಿಗೆ ಸಣ್ಣ ಸಾಹಸವಲ್ಲ. ಅವರ ಕೆಲಸಕ್ಕೆ ಕುತ್ತು ಬರಲಿಲ್ಲ. ಕುತ್ತು ಬಂದದ್ದು ಲೋ ಅವರಿಗೆ. ಇನ್‌ಸ್ಪೆಕ್ಟರರ ವರದಿಗಳನ್ನು ಇಲಾಖೆ ಕತ್ತರಿಸುತ್ತಿದೆಯೆಂಬ ಆಪಾದನೆ ಪಾರ್ಲಿಮೆಂಟಿನಲ್ಲಿ ಎದ್ದು, 1864ರಲ್ಲಿ ಅವರು ರಾಜೀನಾಮೆಯಿತ್ತರು. ಸಂಹಿತೆ ಮಾತ್ರ ಉಳಿಯಿತು. ಎಂಟು ಲಕ್ಷ ಪೌಂಡಿಗೂ ಮಿಕ್ಕಿದ್ದ ಅನುದಾನ 1865ರ ಹೊತ್ತಿಗೆ ಆರೂವರೆ ಲಕ್ಷಕ್ಕಿಂತ ಕೆಳಗಿಳಿದಿತ್ತು. ಖಜಾನೆಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿರಲಿಲ್ಲ. 1890ರ ನಂತರವಷ್ಟೇ ಹಂತಹಂತವಾಗಿ ಈ ಪದ್ಧತಿ ಕಳಚಿಕೊಂಡಿತು. ಆರ್ನಲ್ಡರು 1888ರಲ್ಲೇ ತೀರಿಕೊಂಡಿದ್ದರು.

ಪರೀಕ್ಷೆಯ ದಿನ ಮಗುವಿನ ಎದೆ ಹೇಗೆ ಬಡಿದುಕೊಳ್ಳುತ್ತಿತ್ತೆಂದು ತಿಳಿಯಬೇಕಾದರೆ ಫ್ಲೋರಾ ಥಾಂಪ್ಸನ್ನರ ‘ಲಾರ್ಕ್ ರೈಸ್’ ಓದಬೇಕು. 1939ರಲ್ಲಿ ಬಂದ ಆ ಪುಸ್ತಕದಲ್ಲಿ ಆಕ್ಸ್‌ಫರ್ಡ್‌ಶೈರಿನ ಒಂದು ಹಳ್ಳಿಶಾಲೆಗೆ 1880ರ ದಶಕದಲ್ಲಿ ಇನ್‌ಸ್ಪೆಕ್ಟರು ಬಂದು ಹೋಗುವ ಚಿತ್ರವಿದೆ. (ಈ ಸಂದರ್ಭಕ್ಕೆ ಡಿಕನ್ಸರ ‘ಹಾರ್ಡ್ ಟೈಮ್ಸ್’ ಕಾದಂಬರಿಯ ಗ್ರಾಡ್‌ಗ್ರೈಂಡನನ್ನು ಎಳೆದು ತರುವವರುಂಟು. ಆ ಕಾದಂಬರಿ 1854ರದು. ಸಂಹಿತೆಗಿಂತ ಎಂಟು ವರ್ಷ ಹಿಂದಿನದು. ಕಾದಂಬರಿಕಾರ ಮೊದಲು ಕಂಡ, ಸರ್ಕಾರ ಆಮೇಲೆ ಮಾಡಿತು ಎನ್ನಬಹುದೇನೋ.)

ಹಡಗಿನಲ್ಲಿ ಪುಸ್ತಕಗಳ ಜೊತೆಗೆ ಪದ್ಧತಿಗಳೂ ನಮ್ಮ ದೇಶಕ್ಕೆ ಬಂದಿಳಿದವು. ಮದರಾಸು, ಮುಂಬಯಿ ಪ್ರಾಂತ್ಯಗಳ ಅನುದಾನಿತ ಶಾಲೆಗಳಿಗೆ ‘ಫಲಿತಾಂಶಕ್ಕೆ ತಕ್ಕ ಹಣ’ ಎಂಬ ನಿಯಮ ಹತ್ತಿಕೊಂಡಿತು. ಕನ್ನಡ ನಾಡಿನ ಒಂದು ದೊಡ್ಡ ಭಾಗ ಆಗ ಆ ಎರಡು ಪ್ರಾಂತ್ಯಗಳಲ್ಲಿ ಹಂಚಿಹೋಗಿತ್ತೆಂಬುದನ್ನು ತಾವು ಬಲ್ಲಿರಿ. 1882ರ ಹಂಟರ್ ಆಯೋಗ ಇದನ್ನು ಚರ್ಚಿಸಿತು. 1904ರ ಶಿಕ್ಷಣ ನೀತಿಯ ನಿರ್ಣಯದಲ್ಲಿ ಭಾರತ ಸರ್ಕಾರ ಇದನ್ನು ಕೈಬಿಡುವ ಮಾತಾಡಿತು. ಹಣದ ನಿಯಮ ಹೋಯಿತು, ಹೆಸರು ನಿಂತಿತು.

ಇದೆಲ್ಲ ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಈ ಶತಮಾನದಲ್ಲೇ ಅಮೆರಿಕದಲ್ಲಿ ಇಂಥದೇ ಒಂದು ದೊಡ್ಡ ಸಿದ್ಧತೆ ನಡೆಯಿತು. 2010ರಲ್ಲಿ ‘ಕಾಮನ್ ಕೋರ್’ ಎಂಬ ಹೊಸ ಕಲಿಕೆಯ ಮಾನಗಳು ಪ್ರಕಟವಾಗಿ ಹೆಚ್ಚಿನ ರಾಜ್ಯಗಳು ಅವನ್ನು ಒಪ್ಪಿಕೊಂಡವು. ನ್ಯೂಯಾರ್ಕ್ ರಾಜ್ಯದಲ್ಲಿ ಮೂರರಿಂದ ಎಂಟನೆಯ ತರಗತಿಯವರೆಗೆ ಹೊಸ ಪರೀಕ್ಷೆ ನಡೆದದ್ದು 2013ರ ಏಪ್ರಿಲ್‌ನಲ್ಲಿ. ಅಂಕ ಕುಸಿಯುವುದೆಂದು ಅಧಿಕಾರಿಗಳು ಮುಂಚೆಯೇ ಎಚ್ಚರಿಸಿದ್ದರು, ಕುಸಿಯಿತು. ಹಿಂದಿನ ವರ್ಷ ಮಟ್ಟ ಮುಟ್ಟಿದ ಮಕ್ಕಳು ಗಣಿತದಲ್ಲಿ ನೂರಕ್ಕೆ 65, ಇಂಗ್ಲಿಷಿನಲ್ಲಿ 55. ಆ ವರ್ಷ ಎರಡರಲ್ಲೂ 31. ಒಂದು ವರ್ಷದಲ್ಲಿ ಮಕ್ಕಳ ಬುದ್ಧಿ ಕರಗಿ ಹೋಗಿರಲಿಲ್ಲ, ಕೋಲು ಬದಲಾಗಿತ್ತು. ಅದು ಕಾಗದದ ಮೇಲೆ ಸರಿಯಾದ ವಿವರಣೆ. ನಿನ್ನೆಯವರೆಗೆ ಜಾಣೆಯೆಂದು ಕರೆಸಿಕೊಂಡ ಒಂಬತ್ತು ವರ್ಷದ ಹುಡುಗಿಗೆ ಆ ವಿವರಣೆಯಿಂದ ಆಗುವ ಸಮಾಧಾನವೆಷ್ಟು? 2015ರಲ್ಲಿ ಆ ರಾಜ್ಯದ ಐದು ಮಕ್ಕಳಲ್ಲೊಬ್ಬರನ್ನು ತಂದೆತಾಯಿಗಳು ಪರೀಕ್ಷೆಗೇ ಕೂರಿಸಲಿಲ್ಲ.

ಆ ಹೊಸ ಮಾನಗಳಲ್ಲಿ ಸಾಹಿತ್ಯದವರ ಕಣ್ಣಿಗೆ ಬೀಳುವ ಎರಡು ಸಂಗತಿಗಳಿವೆ. ಹನ್ನೆರಡನೆಯ ತರಗತಿಯ ವೇಳೆಗೆ ವಿದ್ಯಾರ್ಥಿಯ ಓದಿನಲ್ಲಿ ಸಾಹಿತ್ಯ ನೂರಕ್ಕೆ 30 ಪಾಲು, ಮಾಹಿತಿಯ ಬರಹ 70 ಪಾಲು ಇರಬೇಕೆಂಬುದು ಒಂದು. ನ್ಯಾಯವಾಗಿ ಹೇಳಬೇಕಾದರೆ, ಇದು ವಿಜ್ಞಾನ, ಇತಿಹಾಸಗಳ ಓದನ್ನೂ ಸೇರಿಸಿ ಹಾಕಿದ ಲೆಕ್ಕ. ಇಂಗ್ಲಿಷ್ ತರಗತಿಗೆ ಮಾತ್ರ ಸಂಬಂಧಿಸಿದ್ದಲ್ಲ. ಇನ್ನೊಂದು, ಪುಸ್ತಕದ ಕಾಠಿಣ್ಯವನ್ನು ವಾಕ್ಯದ ಉದ್ದ, ಪದಗಳ ಬಳಕೆ ಇವುಗಳಿಂದ ಯಂತ್ರದಲ್ಲಿ ಅಳೆಯುವ ವಿಧಾನ. ಈ ಅಳತೆಯಲ್ಲಿ ಸ್ಟೈನ್‌ಬೆಕ್ಕರ ‘ದಿ ಗ್ರೇಪ್ಸ್ ಆಫ್ ರಾತ್’ ಎಲ್ಲಿ ಬಿತ್ತು ಗೊತ್ತೆ? ಎರಡು-ಮೂರನೆಯ ತರಗತಿಯ ಮಟ್ಟದಲ್ಲಿ! ಹೊಲ ಕಳೆದುಕೊಂಡು ಹೊರಟ ಒಕ್ಕಲುಗಳ ಬಾಯಲ್ಲಿ ಚಿಕ್ಕ ವಾಕ್ಯಗಳೇ ತಾನೆ ಬರುವುದು? ಮಾನಗಳನ್ನು ರಚಿಸಿದವರೇ ಇದನ್ನು ಗಮನಿಸಿ, ಮನುಷ್ಯರ ವಿವೇಚನೆಯಿಂದ ಆ ಕಾದಂಬರಿಯನ್ನು ಒಂಬತ್ತು-ಹತ್ತನೆಯ ತರಗತಿಗೆ ಏರಿಸಿದರೆಂಬುದು ಮೆಚ್ಚತಕ್ಕ ಮಾತು. ಆದರೆ ಯಂತ್ರದ ಅಂಕಿ ಒಮ್ಮೆ ಅಚ್ಚಾದ ಮೇಲೆ, ಅದನ್ನು ಪಕ್ಕಕ್ಕಿಡುವ ಧೈರ್ಯ ಎಷ್ಟು ಶಾಲೆಗಳಿಗಿದ್ದೀತು?

ಓದಿನ ಅಳತೆಯ ಈ ತೊಡಕು ಆರ್ನಲ್ಡರಿಗೆ ಹೊಸದಾಗಿ ತೋರುತ್ತಿರಲಿಲ್ಲ. ಪರೀಕ್ಷೆಯಷ್ಟೇ ಅವರನ್ನು ಕಾಡಿದ ಇನ್ನೊಂದು ಸಂಗತಿ ಶಾಲೆಯ ಪುಸ್ತಕಗಳ ಕಳಪೆತನ. ಇಲ್ಲೊಂದು ವಿಚಿತ್ರವಿದೆ. ಪಠ್ಯಪುಸ್ತಕವನ್ನು ಬಾಯಿಪಾಠ ಮಾಡಿಸುವುದನ್ನು ಅಷ್ಟು ಕಟುವಾಗಿ ಟೀಕಿಸಿದ ಅವರೇ, ಒಳ್ಳೆಯ ಕವಿತೆಗಳನ್ನು ಮಕ್ಕಳು ಬಾಯಿಪಾಠ ಮಾಡಲೇಬೇಕೆಂದು ವರದಿಯಿಂದ ವರದಿಗೆ ಒತ್ತಾಯಿಸಿದರು. ಒಳ್ಳೆಯ ಕವಿತೆ ಮನಸ್ಸನ್ನೂ ಶೀಲವನ್ನೂ ರೂಪಿಸುತ್ತದೆಂಬುದು ಅವರ ನಂಬಿಕೆ. ಎರಡೂ ನಾಲಗೆಯ ಕೆಲಸವೇ ಅಲ್ಲವೆ, ಭೇದವೇನು ಎಂದು ಕೇಳಬಹುದು. ಗಮಕಿಗಳನ್ನು ಕೇಳಿ ಬೆಳೆದ ನಮಗೆ ಆ ಭೇದ ತಿಳಿಯದ್ದೇನಲ್ಲ. ಕುಮಾರವ್ಯಾಸನ ಷಟ್ಪದಿಗಳು ಅಕ್ಷರ ಬಾರದವರ ಬಾಯಲ್ಲೂ ನಿಂತಿದ್ದವು. ಬಾಯಿಗೆ ಬಂದದ್ದು ವರ್ಷಗಳು ಕಳೆದಂತೆ ಅರ್ಥವಾಗುತ್ತ ಹೋಗುತ್ತಿತ್ತು. ಮುದುಕನಾದ ಮೇಲೆ ಹೊಳೆದ ಅರ್ಥವೂ ಉಂಟು. ಇನ್‌ಸ್ಪೆಕ್ಟರು ಹೋದ ಮಾರನೆಯ ದಿನಕ್ಕೆ ಬೇಡವಾಗುವ ಪಾಠ ಅದಾಗಿರಲಿಲ್ಲ. ಪಠ್ಯದ ತುಣುಕನ್ನು ಉರುಹಚ್ಚಿದ ಮಗುವಿಗೆ ಆಮೇಲೆ ಅರ್ಥವಾಗುವುದಕ್ಕೆ ಅದರೊಳಗೆ ಏನೂ ಇರಲಿಲ್ಲ.

ಆರ್ನಲ್ಡರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಡವರ ಮಕ್ಕಳ ಕೈಗೆ ಬರುವುದೆಲ್ಲ ತುಣುಕು. ಒಂದಾದರೂ ಮಹತ್ತಾದ ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಅನುಭವ ಅವರಿಗೆ ದೊರೆಯಬೇಡವೆ ಎಂದು ಅವರಿಗೆ ಅನ್ನಿಸಿತು. ಆ ಮಕ್ಕಳ ಮನೆಯಲ್ಲಿ ಇದ್ದಿರಬಹುದಾದ ಪುಸ್ತಕ ಬೈಬಲ್ ಒಂದೇ. ಅದರಿಂದ ಯೆಶಾಯನ ಗ್ರಂಥದ 40ರಿಂದ 66ರವರೆಗಿನ ಅಧ್ಯಾಯಗಳನ್ನು ಆಯ್ದು, ಮಕ್ಕಳಿಗೆ ತಿಳಿಯುವಂತೆ ಟಿಪ್ಪಣಿ ಬರೆದು, 1872ರಲ್ಲಿ ಒಂದು ಚಿಕ್ಕ ಪುಸ್ತಕ ಮಾಡಿದರು. ಮತಬೋಧೆ ಅದರ ಉದ್ದೇಶವಾಗಿರಲಿಲ್ಲ. ಕಾವ್ಯವಾಗಿ, ಇತಿಹಾಸವಾಗಿ ಓದಲೆಂದೇ ಮಾಡಿದ್ದು. 1875ರಲ್ಲಿ ಅದನ್ನೇ ಬೆಳೆಸಿ ದೊಡ್ಡವರಿಗಾಗಿ ಇನ್ನೊಂದು ಪುಸ್ತಕ ತಂದರು. ಸಂಹಿತೆಯ ಆರು ಸ್ಟ್ಯಾಂಡರ್ಡುಗಳಲ್ಲಿ ಅಂಥ ಓದಿಗೆ ಎಡೆಯಿರಲಿಲ್ಲ. ಆ ಪುಸ್ತಕವನ್ನು ಓದಿ ಮುಗಿಸಿದ ಮಗುವಿನ ಲೆಕ್ಕದಲ್ಲಿ ಶಾಲೆಗೆ ಒಂದು ಪೆನ್ನಿಯೂ ಬರುತ್ತಿರಲಿಲ್ಲ.