ಬೆಳಗಾಯಿತು, ಬೆಳಗೋಣ





"ಬೆಳಗಾಯಿತು, ಏಳು" ಎಂದು ತಾಯಿ ಮಕ್ಕಳನ್ನು ಎಬ್ಬಿಸುತ್ತಾಳೆ. ನಮ್ಮ ಕನ್ನಡದಲ್ಲಿ 'ಬೆಳಗು' ಎಂಬುದು ಹೊತ್ತಿನ ಹೆಸರು ಮಾತ್ರವಲ್ಲ, ಅದೊಂದು ಕೆಲಸವೂ ಹೌದು. ಸೂರ್ಯ ಬೆಳಗುತ್ತಾನೆ. ನಾವು ದೀಪ ಬೆಳಗುತ್ತೇವೆ. ಮಸಿ ಹಿಡಿದ ಪಾತ್ರೆಯನ್ನು ಬೂದಿ, ಹುಣಸೆಹಣ್ಣು ಹಾಕಿ ಉಜ್ಜುವುದಕ್ಕೂ 'ಬೆಳಗುವುದು' ಎಂದೇ ಹೇಳುತ್ತೇವೆ.

ಪುನರುತ್ಥಾನದ ಮುಂಜಾನೆ ಸೂರ್ಯ ಹುಟ್ಟಿದ್ದನೆಂದು ಸಂತ ಮಾರ್ಕರು ಬರೆಯುತ್ತಾರೆ. ಇನ್ನೂ ಕತ್ತಲಿತ್ತೆಂದು ಸಂತ ಯೊವಾನ್ನರು (20:1) ಬರೆಯುತ್ತಾರೆ. ಆ ಕತ್ತಲಲ್ಲೇ ಮಗ್ದಲದ ಮರಿಯಳು ಸಮಾಧಿಯ ಬಳಿ ಬಂದಳು. ಕಲ್ಲು ಆಗಲೇ ಸರಿದಿತ್ತು! ಅವಳು ಕಾಣುವ ಮೊದಲೇ ದೇವರ ಬೆಳಗು ಆರಂಭವಾಗಿತ್ತು. ಅದನ್ನು ತಂದವರು ನಾವಲ್ಲ, ಅದು ವರದಾನ.

ಆದರೆ ಪಾತ್ರೆ ತಾನಾಗಿ ಬೆಳಗುವುದಿಲ್ಲ. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡದ್ದು ಅಂತರಂಗವನ್ನು ಬೆಳಗಲೆಂದು. 40 ದಿನ ತಪಸ್ಸು ಮಾಡಿದೆವು, ಶಿಲುಬೆಹಾದಿ ನಡೆದೆವು. ಆದರೂ ಜಮೀನಿನ ಬದುವಿಗಾಗಿ ಒಡಹುಟ್ಟಿದ ಅಣ್ಣನೊಡನೆ ಬಿಟ್ಟ ಮಾತು ಹಾಗೇ ಉಳಿದಿದ್ದರೆ, ಪಾತ್ರೆಯ ಹೊರಗನ್ನು ತಿಕ್ಕಿ ಒಳಗಿನ ಮಸಿ ಬಿಟ್ಟಂತೆಯೇ.

ನಿನ್ನೆ ರಾತ್ರಿ ಒಂದೇ ಪಾಸ್ಖ ದೀಪದಿಂದ ಎಲ್ಲರ ಮೊಂಬತ್ತಿಗಳೂ ಹೊತ್ತಿದವು. ಪಕ್ಕದವರಿಗೆ ಹಚ್ಚಿಕೊಟ್ಟಾಗ ನಮ್ಮದು ಆರಲಿಲ್ಲ. ಇಂದು ಹಬ್ಬದೂಟಕ್ಕೆ ಕೂರುವ ಮೊದಲು ಆ ಅಣ್ಣನ ಬಾಗಿಲು ತಟ್ಟಿ. 'ಅವನೇ ಮೊದಲು ಬರಲಿ' ಎನ್ನಬೇಡಿ. ಬೆಳಕಾಗಲಿ ಎಂದು ಮರಿಯಳು ಕಾಯಲಿಲ್ಲ.

ಪುನರುತ್ಥಾನರಾದ ಯೇಸುಸ್ವಾಮಿ ನಮ್ಮ ಮನೆಮನಗಳನ್ನು ಬೆಳಗಲಿ. ಆಮೆನ್.