ಕಬಾಬಿನ ಕೆಂಪು ಬಣ್ಣ ಯಾರ ಹೊಣೆ?



ಸರ್ವ ಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ ಶಾಂತಿ ಇರಲಿ.

ಹಲಾಲ್ ಮತ್ತು ತಯ್ಯಿಬ್ ಆದುದನ್ನೇ ತಿನ್ನಬೇಕೆಂದು ಪವಿತ್ರ ಕುರ್‌ಆನ್‌ನ ಅಲ್ ಬಕರಃ ಅಧ್ಯಾಯದಲ್ಲಿ ಅಲ್ಲಾಹನು ಆದೇಶಿಸಿದ್ದಾನೆ. ಅಲ್ಲಿ ಅವನು ಕರೆದಿರುವುದು ಮುಸ್ಲಿಮರನ್ನು ಮಾತ್ರವಲ್ಲ, ಸಕಲ ಮಾನವರನ್ನು. ಮಾಂಸ ಕೊಳ್ಳುವಾಗ ಹಲಾಲ್ ಹೌದೇ ಎಂದು ನಾವು ಹತ್ತು ಸಲ ಕೇಳುತ್ತೇವೆ. ತಯ್ಯಿಬ್, ಅಂದರೆ ಶುದ್ಧವೂ ಒಳ್ಳೆಯದೂ ಹೌದೇ ಎಂದು ಒಂದು ಸಲವಾದರೂ ಕೇಳುತ್ತೇವೆಯೇ?

2024ರ ಮಾರ್ಚ್ 11ರಂದು ನಮ್ಮ ರಾಜ್ಯ ಸರಕಾರವು ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ. ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಮಕ್ಕಳ ಬಾಯಿಗೆ ಹೋಗುತ್ತಿತ್ತು. ಅದೇ ಜೂನ್‌ನಲ್ಲಿ ಕಬಾಬಿನ ಸರದಿ ಬಂತು. 39 ಮಾದರಿಗಳಲ್ಲಿ 8 ಅಸುರಕ್ಷಿತವಾಗಿದ್ದವು. ಕೋಳಿ, ಮೀನಿನ ಕಬಾಬಿಗೂ ಕೃತಕ ಬಣ್ಣ ನಿಷೇಧವಾಯಿತು.

ಆಗ ನಮ್ಮ ನಡುವೆ ಎರಡು ಮಾತು ಕೇಳಿಬಂದವು. "ಕಾನೂನು ಯಾಕೆ? ಜನ ಕೊಳ್ಳುವುದನ್ನು ಬಿಟ್ಟರೆ ತಾನೇ ನಿಲ್ಲುತ್ತದೆ" ಎಂದರು ಕೆಲವರು. "ಜನ ಎಲ್ಲಿ ಬಿಡುತ್ತಾರೆ? ದಂಡ ಹಾಕಬೇಕು" ಎಂದರು ಇನ್ನು ಕೆಲವರು. ಕಬಾಬ್ ಗಾಡಿ ಇಟ್ಟಿರುವ ನಮ್ಮ ಸಹೋದರರೊಬ್ಬರು ಹೇಳಿದ್ದು ಬೇರೆ: "ಮೌಲಾನಾ ಸಾಬ್, ನಾ ಒಬ್ಬನೇ ಬಣ್ಣ ಬಿಟ್ಟರ ಗಿರಾಕಿ ಬಾಜೂ ಗಾಡಿಗಿ ಹೋಗ್ತಾರ್ರಿ. ನಮ್ಮ ಹೊಟ್ಟಿ ಹ್ಯಾಂಗ?"

ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಪ್ರಾಮಾಣಿಕನಿಗೆ ನಷ್ಟ, ಮೋಸಗಾರನಿಗೆ ಲಾಭ ಎನ್ನುವ ಸಂತೆಯಲ್ಲಿ ಬರೀ ಉಪದೇಶದಿಂದ ಕೆಲಸವಾಗದು. ಕಾನೂನು ಎಲ್ಲ ಗಾಡಿಗಳಿಗೂ ಒಂದೇ ಆದರೆ ಒಳ್ಳೆಯವನೂ ಬದುಕುತ್ತಾನೆ.

ಪ್ರವಾದಿ(ಸ)ರು ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಘಟನೆಯನ್ನು ನಾವೆಲ್ಲ ಕೇಳಿದ್ದೇವೆ. ಮೇಲೆ ಒಣಗಿತ್ತು, ಒಳಗೆ ಒದ್ದೆ. ಮಳೆ ಬಿದ್ದಿತ್ತು ಎಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯದನ್ನು ಮೇಲೆ ಇಡಬೇಕಿತ್ತಲ್ಲ ಎಂದು ಪ್ರವಾದಿ(ಸ)ರು ಕೇಳಿದರು. ಮೋಸ ಮಾಡುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಇದರಲ್ಲಿ ನಮಗೆ ಎರಡು ಪಾಠಗಳಿವೆ. ಕೊಳ್ಳುವವನ ಕಣ್ಣಿಗೆ ಕಾಣದ್ದನ್ನು ಪರೀಕ್ಷಿಸುವುದು ಆಡಳಿತದ ಹೊಣೆ. ಆ ಹೊಣೆಗಾಗಿಯೇ ಮುಂದೆ ಮುಸ್ಲಿಂ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ. ಕಾಣುವಂತೆ ಇಟ್ಟಮೇಲೆ ಆರಿಸುವುದು ಕೊಳ್ಳುವವನ ಹೊಣೆ.

ಆದ್ದರಿಂದ ಸಹೋದರರೇ, ಕಾನೂನು ಮೊದಲು ಬೇಕು. ಏಳು ವರ್ಷದ ಮಗು ಬಣ್ಣದೊಳಗಿನ ವಿಷವನ್ನು ಹೇಗೆ ಆರಿಸೀತು? ಆದರೆ ಅಧಿಕಾರಿ ವರ್ಷಕ್ಕೆ ಒಂದೆರಡು ಸಲ ಬಂದಾನು. ನಾವು ದಿನವೂ ಗಾಡಿಯ ಮುಂದೆ ನಿಲ್ಲುತ್ತೇವೆ. ಕೆಂಪಗಿದ್ದರೇ ಕಬಾಬ್ ಎನ್ನುವ ನಮ್ಮ ಹಟವೇ ಬಣ್ಣದ ಡಬ್ಬಿಯನ್ನು ಮತ್ತೆ ಮತ್ತೆ ತೆರೆಸುತ್ತದೆ.

ನಮ್ಮ ಅಷ್ಟೂರಿನಲ್ಲಿ ಅಹ್ಮದ್ ಷಾ ವಲಿಯವರ ಉರುಸಿಗೆ ಮುಸ್ಲಿಮರೂ ಲಿಂಗಾಯತರೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅಲ್ಲಿ ಅಂಗಡಿ ಹಾಕುವವರ ಕೈಯಲ್ಲಿ ಆ ಎಲ್ಲ ಮಕ್ಕಳ ಆರೋಗ್ಯ ಅಮಾನತ್ತಾಗಿದೆ. ಸಕ್ಕರೆಯ ಬಿಳಿ ಕಾಟನ್ ಕ್ಯಾಂಡಿಗೆ ನಿಷೇಧವಿಲ್ಲ, ಅದನ್ನೇ ಮಾರೋಣ, ಅದನ್ನೇ ಕೊಡಿಸೋಣ. ವಲೀಮಾಕ್ಕೆ ಅಡುಗೆಯವರನ್ನು ಗೊತ್ತುಮಾಡುವಾಗ "ಬಣ್ಣ ಬೇಡ, ಬ್ಯಾಡಗಿ ಮೆಣಸಿನಕಾಯಿ ಸಾಕು" ಎಂದು ಮೊದಲೇ ಹೇಳೋಣ. ಬಣ್ಣ ಬಿಟ್ಟ ಸಹೋದರನ ಗಾಡಿಗೆ ನಾವೇ ಮೊದಲ ಗಿರಾಕಿಗಳಾಗೋಣ. ಅವನ ಹೊಟ್ಟೆಯ ಪ್ರಶ್ನೆಗೆ ನಮ್ಮ ಉತ್ತರ ಅದು.

ನಮ್ಮ ದುಡಿಮೆಯನ್ನು ಹಲಾಲ್, ನಮ್ಮ ಊಟವನ್ನು ತಯ್ಯಿಬ್ ಆಗಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.